ಅಟ್ಟಕ್ಕೆ ಕೊನೆಯಲ್ಲಿ ಹತ್ತಿ: ಬೇಡದ ಸಾಮಾನು ಕಳೆದು ಮನೆ, ಮನಸ್ಸು ಹಗುರ ಮಾಡುವ ಕ್ರಮ

ಕರಾವಳಿಯ ಮನೆಗಳಲ್ಲಿ ಸಾಮಾನು ಕಡಿಮೆ ಮಾಡುವ ಕೆಲಸ ಹೆಚ್ಚಾಗಿ ಒಂದೇ ರೀತಿಯಲ್ಲಿ ಕೆಡುತ್ತದೆ. ರಜೆಯ ದಿನ ಬೆಳಗ್ಗೆ ಅಟ್ಟಕ್ಕೆ ಏಣಿ ಇಡುತ್ತಾರೆ. ಇದ್ದದ್ದನ್ನೆಲ್ಲ ಚಾವಡಿಗೆ ಇಳಿಸುತ್ತಾರೆ. ಊಟದ ಹೊತ್ತಿಗೆ ಹಳೆಯ ಆಲ್ಬಂ ಕೈಗೆ ಸಿಗುತ್ತದೆ, ಕೆಲಸ ನಿಲ್ಲುತ್ತದೆ. ಸಂಜೆ ಯಾರೋ ಬರುತ್ತಾರೆಂದು ಎಲ್ಲವನ್ನೂ ಮತ್ತೆ ಅಟ್ಟಕ್ಕೇ ತುಂಬುತ್ತಾರೆ. ಸೊಂಟನೋವು ಉಳಿಯುತ್ತದೆ, ಮನೆಯಲ್ಲಿ ಮಾತಿಗೆ ಮಾತು ಬೆಳೆದಿರುತ್ತದೆ, ಸಾಮಾನು ಒಂದೂ ಕಡಿಮೆಯಾಗಿರುವುದಿಲ್ಲ.

ಇಲ್ಲಿ ತಪ್ಪಿದ್ದು ಕ್ರಮ. ಸುಲಭದ ತೀರ್ಮಾನ ಮೊದಲು, ಕಷ್ಟದ್ದು ಕೊನೆಗೆ. ಆರಿಸಿದ್ದು ಅದೇ ದಿನ ಗೇಟು ದಾಟಬೇಕು. ಈ ಎರಡನ್ನು ಪಾಲಿಸಿದರೆ ಉಳಿದದ್ದು ತಾನಾಗಿ ಸಾಗುತ್ತದೆ.

ಮನಸ್ಸಿಗೂ ಸಾಮಾನಿಗೂ ಏನು ಸಂಬಂಧ ಎಂದರೆ, ಮೇಜಿನ ಮೇಲೆ ಬಿದ್ದಿರುವ ಪ್ರತಿ ವಸ್ತುವೂ ಮುಗಿಯದ ಒಂದು ಕೆಲಸ. ರಿಪೇರಿಗೆ ಕೊಡಬೇಕಾದ ಮಿಕ್ಸಿ ಜಾರು, ಕೊಡದೆ ಉಳಿದ ಮದುವೆ ಕಾಗದ, ಕಟ್ಟಿದ್ದೋ ಇಲ್ಲವೋ ಗೊತ್ತಿಲ್ಲದ ಬಿಲ್ಲು, ಇವನ್ನು ದಾಟಿ ಹೋಗುವಾಗಲೆಲ್ಲ ತಲೆ ಒಂದು ಕ್ಷಣ ಅಲ್ಲಿ ತಂಗುತ್ತದೆ. ಕಣ್ಣಿನ ಮುಂದೆ ಹಲವು ವಸ್ತುಗಳಿದ್ದಾಗ ಅವು ಮೆದುಳಿನ ಗಮನಕ್ಕಾಗಿ ಒಂದರ ಮೇಲೊಂದು ಪೈಪೋಟಿ ಮಾಡುತ್ತವೆ ಎಂಬುದನ್ನು ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದೆ. 2010ರಲ್ಲಿ ಪ್ರಕಟವಾದ ಲಾಸ್ ಏಂಜಲೀಸ್‌ನ ಇನ್ನೊಂದು ಅಧ್ಯಯನದಲ್ಲಿ, ತಮ್ಮ ಮನೆ ಸಾಮಾನಿನಿಂದ ತುಂಬಿದೆ, ಕೆಲಸ ಮುಗಿದಿಲ್ಲ ಎಂದು ವಿವರಿಸಿದ ಹೆಂಗಸರಲ್ಲಿ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನು ದಿನವಿಡೀ ಇಳಿಯಬೇಕಾದಷ್ಟು ಇಳಿದಿರಲಿಲ್ಲ. ಹಾಗೆಂದು ಕಪಾಟು ಖಾಲಿ ಮಾಡಿದರೆ ಖಿನ್ನತೆ ಗುಣವಾಗುತ್ತದೆ ಎಂದು ತಿಳಿಯಬಾರದು. ಸಿಗುವುದು ಹುಡುಕಾಟವಿಲ್ಲದ ಬೆಳಗು, ಜಗಳ ಕಡಿಮೆಯಾದ ಸಂಜೆ, ನೆಂಟರು ಹೇಳದೆ ಬಂದರೂ ಬಾಗಿಲು ತೆರೆಯುವ ಧೈರ್ಯ. ಅಷ್ಟು ಸಿಕ್ಕಿದರೂ ಬಹಳ.

ಹಂತ 1: ದಿನ ಗೊತ್ತುಮಾಡಿ

ಮಂಗಳೂರು, ಉಡುಪಿಯಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮೀರಿ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೆ. ಆ ತಿಂಗಳುಗಳಲ್ಲಿ ಹಾಸಿಗೆ, ಬಟ್ಟೆ, ಕಾಗದ ಹೊರಗೆ ತೆಗೆದರೆ ಒಣಗಿಸಲು ಬಿಸಿಲಿಲ್ಲ. ತೇವಾಂಶ ಶೇ. 70ಕ್ಕಿಂತ ಮೇಲೆ ದಿನಗಟ್ಟಲೆ ನಿಂತರೆ ಹತ್ತಿ, ಚರ್ಮ, ರಟ್ಟು ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಜನವರಿಯಿಂದ ಮೇ ನಡುವೆ ಕೆಲಸ ಹಿಡಿಯಿರಿ. ಗಡುವಾಗಿ ಪತ್ತನಾಜೆಯನ್ನೇ ಇಟ್ಟುಕೊಳ್ಳಿ. ಯಕ್ಷಗಾನ ಮೇಳಗಳು ತಿರುಗಾಟ ಮುಗಿಸುವ, ದೈವಗಳ ಕೋಲ ನೇಮಗಳು ನಿಲ್ಲುವ ಆ ದಿನ, ಅಂದರೆ ಮೇ 24ರ ಸುಮಾರಿಗೆ, ನಿಮ್ಮ ಕೆಲಸವೂ ಮುಗಿದಿರಬೇಕು.

ಮೂರು ಕೋಣೆಯ ಮನೆಗೆ ವಾರಕ್ಕೊಂದು ದಿನದಂತೆ 8 ವಾರ ಹಿಡಿಯಿರಿ. ದಿನಕ್ಕೆ 45 ನಿಮಿಷದ ಎರಡು ಪಾಳಿ, ಪ್ರತಿ ಪಾಳಿಯ ಕೊನೆಗೆ 15 ನಿಮಿಷ ಸಾಗಿಸಲು. ಇದಕ್ಕಿಂತ ಹೆಚ್ಚು ಮಾಡಬೇಡಿ. ಇಡೀ ದಿನ ಆರಿಸುತ್ತ ಕೂತರೆ ಮಧ್ಯಾಹ್ನದ ಮೇಲೆ ತೀರ್ಮಾನ ಮಾಡುವ ಶಕ್ತಿ ಬತ್ತುತ್ತದೆ. ಆಮೇಲೆ ಒಂದೋ ಎಲ್ಲವೂ ಬೇಕು ಅನ್ನಿಸುತ್ತದೆ, ಇಲ್ಲವೇ ಸಿಟ್ಟಿನಲ್ಲಿ ಬೇಕಾದದ್ದೂ ಗುಜರಿಗೆ ಹೋಗುತ್ತದೆ.

ಶುರು ಮಾಡುವ ಮುನ್ನ ಒಂದು ಪುಟದಲ್ಲಿ ಮೂರು ವಿಷಯ ಬರೆದಿಡಿ: ಬೆಳಗ್ಗೆ ಎದ್ದು ಮನೆ ಬಿಡಲು ಎಷ್ಟು ಹೊತ್ತು ಬೇಕು, ಈ ವಾರ ಯಾವ ಯಾವ ವಸ್ತು ಹುಡುಕಿದಿರಿ, ಯಾವ ಕೋಣೆಯ ಬಾಗಿಲು ನೆಂಟರಿಗೆ ಮುಚ್ಚಿರುತ್ತದೆ. ನಾಲ್ಕನೇ ವಾರ ಅದನ್ನೇ ಮತ್ತೆ ಬರೆಯಿರಿ. ಮನೆಯ ಇತರರು ಕೈಜೋಡಿಸುವುದು ಹೆಚ್ಚಾಗಿ ಈ ಎರಡನೇ ಪುಟ ನೋಡಿದ ಮೇಲೆ.

ಹಂತ 2: ಸಲಕರಣೆ

ಬೇಕಾದ್ದು ಇಷ್ಟೇ: ನಾಲ್ಕು ಖಾಲಿ ಗೋಣಿ, ಒಂದು ಹಳೆಯ ಬೆಡ್‌ಶೀಟು, ದಪ್ಪ ಮಾರ್ಕರ್ ಪೆನ್ನು, ಮಾಸ್ಕು, ರಬ್ಬರು ಕೈಗವಸು, ಟಾರ್ಚು, ತೂಗುವ ಕೊಕ್ಕೆ ತಕ್ಕಡಿ, ಒಂದು ನೋಟುಬುಕ್ಕು. ಗೋಣಿಗಳ ಮೇಲೆ 'ಕಸ', 'ಗುಜರಿ', 'ಕೊಡುವುದು', 'ಬೇರೆ ಕೋಣೆಗೆ' ಎಂದು ಬರೆಯಿರಿ. ಜೊತೆಗೆ ಒಂದೇ ಒಂದು ರಟ್ಟಿನ ಪೆಟ್ಟಿಗೆ, ಸುಮಾರು ಒಂದೂವರೆ ಅಡಿ ಉದ್ದದ್ದು. ಅದು ಕಾಯುವ ಪೆಟ್ಟಿಗೆ. ತೀರ್ಮಾನಿಸಲು ಆಗದ್ದು ಮಾತ್ರ ಅದರೊಳಗೆ. ಅದು ತುಂಬಿದರೆ ಇನ್ನೊಂದು ಪೆಟ್ಟಿಗೆ ತರುವಂತಿಲ್ಲ. ಒಳಗಿದ್ದ ಒಂದನ್ನು ತೆಗೆದು ಇನ್ನೊಂದನ್ನು ಹಾಕಬೇಕು.

ಹೊಸ ಪ್ಲಾಸ್ಟಿಕ್ ಡಬ್ಬ, ಡ್ರಾಯರ್, ರ‍್ಯಾಕು ಯಾವುದನ್ನೂ ಈಗ ಕೊಳ್ಳಬೇಡಿ. ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಎಷ್ಟು ಉಳಿಯುತ್ತದೆ ಎಂದು ಗೊತ್ತಾಗುವ ಮೊದಲೇ ಡಬ್ಬ ತಂದರೆ ಬೇಡದ್ದೂ ಡಬ್ಬದೊಳಗೆ ಚಂದವಾಗಿ ಕೂತುಬಿಡುತ್ತದೆ.

ಹಂತ 3: ಹೊರಹೋಗುವ ದಾರಿ ಮೊದಲು

ಸಾಮಾನು ಆರಿಸುವ ಮೊದಲೇ ಅದು ಎಲ್ಲಿಗೆ ಹೋಗಬೇಕೆಂದು ಗೊತ್ತಿರಬೇಕು. ಒಣಕಸ ಒಯ್ಯುವ ದಿನ ಯಾವುದೆಂದು ನಿಮ್ಮ ವಾರ್ಡಿನ ಅಥವಾ ಪಂಚಾಯತಿನ ಕಸದ ಗಾಡಿಯವರನ್ನೇ ಕೇಳಿ, ಆ ದಿನಕ್ಕೆ ನಿಮ್ಮ ಪಾಳಿ ಹೊಂದಿಸಿ. ಗುಜರಿಯವರಿಗೆ ಮೊದಲೇ ಫೋನು ಮಾಡಿ ಸಂಜೆ 5ಕ್ಕೆ ಬರಲು ಹೇಳಿ. ಬಟ್ಟೆ, ಪಾತ್ರೆ ಕೊಡುವುದಿದ್ದರೆ ತೆಗೆದುಕೊಳ್ಳುವವರನ್ನು ಮುಂಚಿತವಾಗಿ ಕೇಳಿ, ಏನು ಬೇಕು, ಎಷ್ಟು ಬೇಕು ಎಂದು ಬರೆದುಕೊಳ್ಳಿ. ಕೇಳದೆ ಒಯ್ದು ಸುರಿಯುವುದು ನಮ್ಮ ಕಸವನ್ನು ಇನ್ನೊಬ್ಬರ ಬಾಗಿಲಿಗೆ ದಾಟಿಸಿದಂತೆ.

ಒಟ್ಟಾಗಿ ಗಾಡಿಗೆ ಹಾಕಬಾರದ ಕಸವೂ ಇದೆ. ಅವಧಿ ಮುಗಿದ ಔಷಧಿ, ಟ್ಯೂಬ್‌ಲೈಟು, ಸಿ.ಎಫ್.ಎಲ್. ಬಲ್ಬು, ಪೈಂಟಿನ ಡಬ್ಬ, ಕೀಟನಾಶಕದ ಕುಪ್ಪಿ, ಬ್ಯಾಟರಿ ಇವೆಲ್ಲ ಮನೆಯ ಅಪಾಯಕಾರಿ ಕಸ. ಬೇರೆ ಕಟ್ಟಿ, ಮೇಲೆ ಬರೆದು ಕೊಡಬೇಕು. ಟ್ಯೂಬ್‌ಲೈಟಿನೊಳಗೆ ಪಾದರಸ ಇರುವುದರಿಂದ ಒಡೆಯದಂತೆ ಪೇಪರಿನಲ್ಲಿ ಸುತ್ತಿ. ಉಬ್ಬಿದ ಮೊಬೈಲ್ ಬ್ಯಾಟರಿಯನ್ನು ಒತ್ತಬೇಡಿ, ಚುಚ್ಚಬೇಡಿ, ಬಿಸಿಲಿಗೆ ಇಡಬೇಡಿ, ಬೆಂಕಿ ಹತ್ತುತ್ತದೆ. ಹಳೆಯ ಫೋನು ಕೊಡುವ ಮೊದಲು ಸಿಮ್ಮು, ಮೆಮೊರಿ ಕಾರ್ಡು ತೆಗೆದು ಫ್ಯಾಕ್ಟರಿ ರೀಸೆಟ್ ಮಾಡಿ.

2019ರ ಆಗಸ್ಟ್‌ನಲ್ಲಿ ಪಚ್ಚನಾಡಿಯ ಕಸದ ರಾಶಿ ಜರಿದು ಕೆಳಗಿನ ಮಂದಾರದ ಮನೆ, ತೋಟಗಳ ಮೇಲೆ ಹೋದದ್ದು ಮಂಗಳೂರಿನವರಿಗೆ ನೆನಪಿದೆ. ಬೆರೆಸಿ ಎಸೆದ ಗೋಣಿ ಇಂಥ ರಾಶಿಗೇ ಸೇರುತ್ತದೆ. ಬೇರ್ಪಡಿಸಲು ಬೇಕಾಗುವುದು ಪಾಳಿಗೆ ಹತ್ತು ನಿಮಿಷ.

ಹಂತ 4: ಮೊದಲ ವಾರ ಕಸ ಮಾತ್ರ

ಈ ವಾರ ಏನನ್ನೂ ಯೋಚಿಸಬೇಡಿ. ಗೋಣಿ ಹಿಡಿದು ಎಲ್ಲ ಕೋಣೆಗೂ ಒಂದು ಸುತ್ತು ಬನ್ನಿ. ಒಡೆದದ್ದು, ಒಣಗಿದ ಪೆನ್ನು, ಜೋಡಿಯಿಲ್ಲದ ಚಪ್ಪಲಿ, ಖಾಲಿ ಕುಪ್ಪಿ, ಹೋದ ವರ್ಷದ ಕ್ಯಾಲೆಂಡರು, ಯಾವುದರದೆಂದು ಗೊತ್ತಿಲ್ಲದ ಚಾರ್ಜರು, ತುಕ್ಕು ಹಿಡಿದ ಕೊಡೆಕಡ್ಡಿ ಮಾತ್ರ ಆರಿಸಿ. 'ಇದು ಬೇಕಾಗಬಹುದಾ' ಎಂಬ ಪ್ರಶ್ನೆ ಬಂದ ಕೂಡಲೇ ಅದನ್ನು ಇದ್ದಲ್ಲೇ ಬಿಟ್ಟು ಮುಂದೆ ಹೋಗಿ.

ತೊಟ್ಟೆಗಳಿಗೆ, ಅಂದರೆ ಪ್ಲಾಸ್ಟಿಕ್ ಚೀಲಗಳಿಗೆ, ಒಂದು ಮಿತಿ ಇಡಿ: ಒಂದು ತೊಟ್ಟೆಯೊಳಗೆ ಹಿಡಿಯುವಷ್ಟು ತೊಟ್ಟೆ. ಬಾಗಿಲ ಹಿಂದೆ ನೇತಾಡುವ ಮೂರು ಚೀಲದಷ್ಟು ತೊಟ್ಟೆ ಯಾವ ಮನೆಯಲ್ಲೂ ಖರ್ಚಾಗುವುದಿಲ್ಲ. ಹಳೆಯವು ಪುಡಿಪುಡಿಯಾಗಿ ಉದುರುತ್ತಿದ್ದರೆ ಅವು ಗುಜರಿಗೂ ಬೇಡ.

ಈ ಹಂತದಲ್ಲಿ ಕಷ್ಟದ ತೀರ್ಮಾನ ಒಂದೂ ಇಲ್ಲ, ಆದರೂ ಎರಡು ಮೂರು ಗೋಣಿ ತುಂಬುತ್ತದೆ. ಮನೆಯವರಿಗೆ ನಂಬಿಕೆ ಬರುವುದು ಇದರಿಂದ. ಇದನ್ನು ಹಾರಿಸಿ ನೇರ ಕಪಾಟಿಗೆ ಕೈ ಹಾಕಬೇಡಿ.

ಹಂತ 5: ಕಣ್ಣಿಗೆ ಬೀಳುವ ಜಾಗ

ಎರಡನೇ ವಾರ ಟೀಪಾಯಿ, ಊಟದ ಮೇಜು, ಟಿ.ವಿ.ಯ ಕೆಳಗಿನ ಹಲಗೆ, ಜಗಲಿಯ ಕಟ್ಟೆ, ಮಂಚದ ಪಕ್ಕದ ಸ್ಟೂಲು. ಎದ್ದ ಕೂಡಲೇ ಮತ್ತು ಹೊರಗಿನಿಂದ ಬಂದ ಕೂಡಲೇ ಕಣ್ಣಿಗೆ ಬೀಳುವ ಜಾಗಗಳಿವು. ಮನಸ್ಸಿಗೆ ಅತಿ ಬೇಗ ಫಲ ಸಿಗುವುದು ಇಲ್ಲೇ ಆದ್ದರಿಂದ ಇವನ್ನು ಮೊದಲಿಗೇ ಮಾಡಬೇಕು. ಮಂಚದ ಅಡಿ ನೋಡುವ ಕೆಲಸ ಆಮೇಲೆ.

ಒಂದು ಮೇಜಿನದ್ದು ಎಲ್ಲವನ್ನೂ ಬೆಡ್‌ಶೀಟಿನ ಮೇಲೆ ಇಳಿಸಿ. ಮೇಜು ಒರೆಸಿ. ಪ್ರತಿ ವಸ್ತುವನ್ನು ಕೈಗೆತ್ತಿ ಮೂರೇ ಪ್ರಶ್ನೆ ಕೇಳಿ.

ಇದರ ಜಾಗ ಎಲ್ಲಿ? ಉತ್ತರ ಇದ್ದರೆ ಅಲ್ಲಿಗೆ ಹೋಗಲಿ. ಜಾಗವೇ ಇಲ್ಲದ ವಸ್ತು ಎಲ್ಲೆಂದರಲ್ಲಿ ಬೀಳುವುದು ಸಹಜ.

ಒಂದು ಸುತ್ತು ಹಬ್ಬದೊಳಗೆ ಇದು ಹೊರಗೆ ಬಂದಿದೆಯೇ? ವರ್ಷದಿಂದ ಮುಟ್ಟದ್ದನ್ನು ಬಿಡಿ ಎಂಬ ಪಟ್ಟಣದ ಸೂತ್ರ ನಮ್ಮಲ್ಲಿ ಹಾಗೆಯೇ ನಡೆಯುವುದಿಲ್ಲ. ಶ್ಯಾವಿಗೆ ಒರಳು ವರ್ಷಕ್ಕೆ ಎರಡೇ ಸಲ ಬೇಕಾಗಬಹುದು, ಆದರೆ ಬೇಕು. ಅಷ್ಟಮಿ, ಚೌತಿ, ದೀಪಾವಳಿ, ಕ್ರಿಸ್ಮಸ್, ಈದ್, ಮನೆಯ ಶ್ರಾದ್ಧ, ದೈವದ ಪರ್ವ, ಇವುಗಳಲ್ಲಿ ಯಾವುದಕ್ಕೂ ಹೊರಬಾರದಿದ್ದರೆ ಮಾತ್ರ ಅದು ಬಿಡಬಹುದಾದ ವಸ್ತು.

ಕೊಟ್ಟ ಮೇಲೆ ಬೇಕಾದರೆ ಒಂದೇ ದಿನದಲ್ಲಿ, 300 ರೂಪಾಯಿಯೊಳಗೆ, ಹತ್ತಿರದ ಪೇಟೆಯಲ್ಲಿ ಸಿಗುತ್ತದೆಯೇ? ಸಿಗುವುದಾದರೆ ಹೆದರದೆ ಬಿಡಿ.

ಆದರೂ ಕೈ ಬಿಡದಿದ್ದರೆ ಇನ್ನೊಂದು ಪ್ರಶ್ನೆ: ಇದು ಅಂಗಡಿಯಲ್ಲಿ ಕಂಡರೆ ಇವತ್ತು ದುಡ್ಡು ಕೊಟ್ಟು ತರುತ್ತೀರಾ? ನಮ್ಮದಾದ ಕೂಡಲೇ ವಸ್ತುವಿನ ಬೆಲೆ ನಮ್ಮ ಕಣ್ಣಲ್ಲಿ ಏರುತ್ತದೆ. 1990ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಪ್ರಯೋಗದಲ್ಲಿ ಸಾಮಾನ್ಯ ಕಾಫಿ ಕಪ್ಪು ಕೈಗೆ ಸಿಕ್ಕವರು ಅದನ್ನು ಮಾರಲು ಕೇಳಿದ ಬೆಲೆ, ಕಪ್ಪು ಸಿಗದವರು ಕೊಡಲು ಒಪ್ಪಿದ ಬೆಲೆಯ ಎರಡು ಪಟ್ಟಿಗಿಂತಲೂ ಹೆಚ್ಚಿತ್ತು. ಆ ಮೋಹದಿಂದ ಹೊರಗೆ ನಿಂತು ನೋಡಲು ಈ ಪ್ರಶ್ನೆ ಸಹಾಯ ಮಾಡುತ್ತದೆ.

ಇತರರ ಸಾಮಾನು ಮುಟ್ಟುವ ರೀತಿ

ಅತ್ತೆ, ಅಮ್ಮ, ಅಜ್ಜಿಯ ಹತ್ತಿರ ಒಂದು ವಸ್ತು ಎತ್ತಿ ಹಿಡಿದು 'ಇದು ಬೇಕಾ?' ಎಂದು ಕೇಳಬೇಡಿ. 'ಇರಲಿ, ಬೇಕಾಗ್ತದೆ' ಎಂಬ ಉತ್ತರ ಬಾರದೆ ಇರುವುದಿಲ್ಲ. ಒಂದೇ ಬಗೆಯ ಮೂರನ್ನು ಎದುರಿಗೆ ಸಾಲಾಗಿಟ್ಟು 'ಅತ್ತೇ, ಇದ್ರಲ್ಲಿ ಒಳ್ಳೇದು ಯಾವುದು, ಯಾವುದು ಇಟ್ಟುಕೊಳ್ಳುವ?' ಎಂದು ಕೇಳಿ. ಆರಿಸುವ ಅಧಿಕಾರ ಅವರದ್ದಾಗುತ್ತದೆ, ಉಳಿದ ಎರಡು ತಾನಾಗಿ ಪಕ್ಕಕ್ಕೆ ಸರಿಯುತ್ತವೆ. ಯಾರಿಗೆ ಕೊಡುವುದೆಂದೂ ಅವರೇ ಹೇಳಲಿ. ಕೆಲಸಕ್ಕೆ ಬರುವವರ ಮಗಳ ಮದುವೆಗೆ ಎಂದರೆ ಹತ್ತು ವರ್ಷ ಬಿಗಿಹಿಡಿದ ಕುಕ್ಕರು ಒಂದೇ ಮಾತಿಗೆ ಹೊರಡುತ್ತದೆ.

ಕದ್ದುಮುಚ್ಚಿ ಎಸೆಯುವುದಂತೂ ಕೂಡದು. ಒಮ್ಮೆ ಗೊತ್ತಾದರೆ ಆ ಮನೆಯಲ್ಲಿ ಮುಂದೆ ಯಾವ ಕಪಾಟೂ ತೆರೆಯುವುದಿಲ್ಲ.

ಮುಂಬಯಿ, ದುಬಾಯಿ, ಬೆಂಗಳೂರಿನಲ್ಲಿರುವ ಮಕ್ಕಳ ಪುಸ್ತಕ, ಟ್ರೋಫಿ, ಸೂಟ್‌ಕೇಸುಗಳ ಫೋಟೊ ತೆಗೆದು ವಾಟ್ಸ್ಆ್ಯಪಿನಲ್ಲಿ ಕಳುಹಿಸಿ. ಪ್ರತಿ ಫೋಟೊಗೂ ಒಂದು ಸಂಖ್ಯೆ ಕೊಡಿ, ಉತ್ತರಿಸಲು 15 ದಿನ ಕೊಡಿ. 'ಇರಲಿ' ಎಂದವರು ಅದನ್ನು ಒಯ್ಯಲು ಯಾವ ತಿಂಗಳು ಬರುತ್ತಾರೆಂದೂ ಹೇಳಬೇಕು.

ಹಂತ 6: ಅಡುಗೆಮನೆ

ಇದಕ್ಕೆ ಎರಡು ವಾರ ಬೇಕು. ಮೊದಲು ತಿನ್ನುವ ವಸ್ತು, ಆಮೇಲೆ ಡಬ್ಬ, ಕೊನೆಗೆ ಪಾತ್ರೆ. ಈ ಸರದಿ ತಪ್ಪಿಸಿದರೆ ಪಾತ್ರೆ ಜೋಡಿಸಿದ ಮೇಲೆ ಮತ್ತೆ ಇಳಿಸಬೇಕಾಗುತ್ತದೆ.

ಮಸಾಲೆ ಪುಡಿ ಬಿಳಿಚಿದ್ದರೆ, ವಾಸನೆ ಸತ್ತಿದ್ದರೆ, ಗಂಟು ಕಟ್ಟಿದ್ದರೆ ಬಿಡಿ. ಕಡಲೆಬೀಜ, ಒಣಕೊಬ್ಬರಿ, ಅಕ್ಕಿಹಿಟ್ಟಿಗೆ ಬೂಷ್ಟು ಬಂದಿದ್ದರೆ ಮೇಲಿನದ್ದು ತೆಗೆದು ಉಳಿದದ್ದು ಬಳಸುವಂತಿಲ್ಲ. ಬೂಷ್ಟಿನ ವಿಷ ಕಣ್ಣಿಗೆ ಕಾಣದೆ ಒಳಗೆ ಇಳಿದಿರಬಹುದು, ಹುರಿದರೂ ಪೂರ್ತಿ ಹೋಗುವುದಿಲ್ಲ. ಕಹಿ ಬಂದ ಕಡಲೆಬೀಜ ಕೋಳಿಗೂ, ದನಕ್ಕೂ ಬೇಡ.

ಡಬ್ಬಗಳನ್ನೆಲ್ಲ ಒಂದೆಡೆ ಇಟ್ಟು ಮುಚ್ಚಳ ಹಾಕಿ ನೋಡಿ. ಮುಚ್ಚಳ ಇಲ್ಲದ ಡಬ್ಬ, ಡಬ್ಬ ಇಲ್ಲದ ಮುಚ್ಚಳ ಅದೇ ಹೊತ್ತಿಗೆ ಗುಜರಿ ಗೋಣಿಗೆ. ಐಸ್‌ಕ್ರೀಮಿನ ಡಬ್ಬ ಆರು ಸಾಕು. ತಿಂಡಿ ಕಟ್ಟಿ ಕೊಡಲು ಬೇಕು ಎಂಬುದು ಸರಿಯೇ, ಆದರೆ ಮೂವತ್ತು ಮನೆಗೆ ಯಾರೂ ಒಟ್ಟಿಗೆ ಕಟ್ಟಿ ಕೊಡುವುದಿಲ್ಲ.

ಪಾತ್ರೆಗಳಲ್ಲಿ ದಿನದ್ದು, ಹಬ್ಬದ್ದು, ಮದುವೆ ಉಡುಗೊರೆಯದ್ದು ಎಂದು ಮೂರು ಪಾಲು ಮಾಡಿ. ದಿನದ್ದು ಸೊಂಟದಿಂದ ಕಣ್ಣಿನ ಮಟ್ಟದೊಳಗೆ ಇರಬೇಕು. ಇಡ್ಲಿ, ಪತ್ರೊಡೆಗೆ ಬೇಕಾದ ಅಟ್ಟಿನಳಗೆ, ದೊಡ್ಡ ಉರುಳಿ, ಪಾಯಸದ ಕೌಳಿಗೆ ಹಬ್ಬದ ಸಾಲಿಗೆ. ಮೇಲಿನ ಹಲಗೆಯಲ್ಲಿ, ಬೋರಲು ಹಾಕಿ. ಉಡುಗೊರೆಯ ಸ್ಟೀಲಿನಲ್ಲಿ ಸೀಲು ಕೂಡ ತೆಗೆಯದ ಡಿನ್ನರ್ ಸೆಟ್ಟು, ಹಾಟ್‌ಪಾಟು ಇದ್ದರೆ ಒಂದನ್ನು ತೆರೆದು ಬಳಸಿ, ಹಳೆಯದನ್ನು ಕೊಡಿ. ಒಳ್ಳೆಯದು ಪೆಟ್ಟಿಗೆಯಲ್ಲಿ, ನೆಗ್ಗಿದ್ದು ತಟ್ಟೆಯಲ್ಲಿ ಎಂಬ ಪದ್ಧತಿ ಬಿಡಲೇಬೇಕು. ಹಾಗೆ ಬಾಳುವವರಿಗೆ ತಮ್ಮ ಮನೆಯಲ್ಲೇ ತಾವು ಎರಡನೇ ಸಾಲಿನವರೆಂಬ ಭಾವ ಬಂದಿರುತ್ತದೆ.

ತಾಮ್ರದ ಹಂಡೆ, ಹಿತ್ತಾಳೆ ಕೊಡಪಾನ, ಕಂಚಿನ ಪಾತ್ರೆ ಮಾರುವುದಾದರೆ ಅವಸರ ಬೇಡ. ಮನೆಯಲ್ಲೇ ತೂಗಿ ಬರೆದಿಡಿ. ಇಬ್ಬರಲ್ಲಿ ಆ ದಿನದ ದರ ಕೇಳಿ. ಕಂಚನ್ನು ಹಿತ್ತಾಳೆಯೆಂದು ತೂಗುವುದುಂಟು; ಕಂಚು ಬಡಿದರೆ ಗಂಟೆಯಂತೆ ಉದ್ದಕ್ಕೆ ದನಿ ಕೊಡುತ್ತದೆ, ಹಿತ್ತಾಳೆಯ ದನಿ ಬೇಗ ನಿಲ್ಲುತ್ತದೆ. ಕೆತ್ತನೆಯ ದೀಪ, ಹಳೆಯ ಮರದ ಪೆಟ್ಟಿಗೆ, ಅಕ್ಷರ ಕೊರೆದ ಪಾತ್ರೆಗಳನ್ನು ತೂಕಕ್ಕೆ ಮಾರಬೇಡಿ. ಮೊದಲು ಕುಟುಂಬದವರಲ್ಲಿ ಕೇಳಿ. ತಾಮ್ರ, ಹಿತ್ತಾಳೆಯನ್ನು ಹುಳಿ ಪದಾರ್ಥದ ಅಡುಗೆಗೆ ಇಟ್ಟುಕೊಳ್ಳುವುದಾದರೆ ಒಳಗೆ ಕಲಾಯಿ ಹಾಕಿಸಿಯೇ ಬಳಸಿ.

ಹಂತ 7: ಬಟ್ಟೆ

ಕಪಾಟು ಒಮ್ಮೆಲೇ ಖಾಲಿ ಮಾಡಬೇಡಿ, ಒಂದು ಹಲಗೆ ಮುಗಿದ ಮೇಲೆ ಇನ್ನೊಂದು. ಈಗ ಮೈಗೆ ಆಗುವುದು, ಕಳೆದ ಮಳೆಗಾಲ ಮತ್ತು ಬೇಸಿಗೆಯಲ್ಲಿ ಉಟ್ಟದ್ದು ಉಳಿಯಲಿ. ತೆಳ್ಳಗಾದ ಮೇಲೆ ಹಾಕಲು ಎಂದು ಎತ್ತಿಟ್ಟ ಬಟ್ಟೆ ಪ್ರತಿ ಬೆಳಗ್ಗೆ ನಿಮ್ಮನ್ನು ಹಳಿಯುತ್ತದೆ. ಎರಡು ಇಟ್ಟು ಉಳಿದದ್ದು ಕೊಡಿ. ಗಲ್ಫಿನಿಂದ ಬಂದ ದಪ್ಪ ಕಂಬಳಿ ಮನೆಗೆ ಎರಡಕ್ಕಿಂತ ಹೆಚ್ಚು ಬೇಡ. ನಮ್ಮ ಹವೆಗೆ ಅವು ತೇವ ಹೀರಿ ಬೂಷ್ಟು ಹಿಡಿಯುವುದೇ ಹೆಚ್ಚು.

ರೇಷ್ಮೆ ಸೀರೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಡಬೇಡಿ. ಒಗೆದ ಹತ್ತಿ ಪಂಚೆಯಲ್ಲಿ ಸುತ್ತಿ, ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಇಲ್ಲದಿದ್ದರೆ ಜರಿ ಮಡಿಕೆಯಲ್ಲೇ ಕಡಿಯುತ್ತದೆ. ನುಸಿಗುಳಿಗೆ ನೇರ ಬಟ್ಟೆಗೆ ತಾಗದಂತೆ ಬಟ್ಟೆಯ ಗಂಟಿನಲ್ಲಿರಲಿ. ಪಾತ್ರೆಗೆ ಹಳೆ ಬಟ್ಟೆ ತೆಗೆದುಕೊಳ್ಳುವವರಿಗೆ ಅಸಲಿ ಜರಿಯ ಸೀರೆ ಕೊಡುವ ಮುನ್ನ ತಿಳಿದವರಿಗೆ ತೋರಿಸಿ. ಕೊಡುವ ಬಟ್ಟೆ ಒಗೆದಿರಬೇಕು, ಗುಂಡಿ, ಜಿಪ್ಪು ಸರಿಯಿರಬೇಕು. ಒಳ ಉಡುಪು, ಹರಿದ ಬನಿಯನು ಒರೆಸುವ ಬಟ್ಟೆಗೆ.

ಹಂತ 8: ಕಾಗದಪತ್ರ

ಇಲ್ಲಿ ಅವಸರಪಟ್ಟರೆ ಸರಿಪಡಿಸಲಾಗದ ನಷ್ಟ. ಮೊದಲು ಒಂದೂ ಹರಿಯದೆ ಮೂರು ಕಟ್ಟು ಮಾಡಿ.

ಎಂದೂ ಬಿಡಬಾರದ್ದು: ಜಾಗದ ಮೂಲಪತ್ರ, ವಿಭಾಗಪತ್ರ, ದಾನಪತ್ರ, ವೀಲುನಾಮೆ, ಕನ್ವರ್ಶನ್ ಆದೇಶ, ಪಂಚಾಯತಿನ 9/11 (ಆಸ್ತಿಯ ನಮೂನೆ 9 ಮತ್ತು 11), ಜನನ ಮತ್ತು ಮರಣ ಪ್ರಮಾಣಪತ್ರ, ಅಂಕಪಟ್ಟಿ, ಪಿಂಚಣಿ ಆದೇಶ, ಹಳೆಯ ಪಾಸ್‌ಪೋರ್ಟು. ದಕ್ಷಿಣ ಕನ್ನಡ, ಉಡುಪಿಯಲ್ಲಿ ಇನ್ನೊಂದನ್ನು ಸೇರಿಸಲೇಬೇಕು. 1974ರ ಭೂಸುಧಾರಣೆಯ ನಂತರ ಗೇಣಿದಾರರಿಗೆ 'ಡಿಕ್ಲರೇಶನ್' (ಗೇಣಿದಾರರು ಸಲ್ಲಿಸಿದ ಅರ್ಜಿ) ಮೂಲಕ ಸಿಕ್ಕಿದ ಜಾಗವಾದರೆ ಭೂನ್ಯಾಯಮಂಡಳಿಯ ಆದೇಶ ಮತ್ತು ನಮೂನೆ 10 (ಹಕ್ಕಿನ ಪ್ರಮಾಣಪತ್ರ) ಬಹಳ ಮುಖ್ಯ. ಅಂಚು ಹರಿದ, ಕಂದಿದ ಆ ಒಂದೆರಡು ಹಾಳೆಗಳು ಹಳೆಯ ರಶೀದಿಗಳ ನಡುವೆ ಕೂತಿರುತ್ತವೆ. ಪೇಪರಿನ ಕಟ್ಟಿನೊಂದಿಗೆ ಗುಜರಿಗೆ ಹೋದರೆ ಮುಂದೆ ಪಾಲು ಮಾಡುವಾಗಲೋ ಮಾರುವಾಗಲೋ ಕಚೇರಿಗೆ ಅಲೆಯಬೇಕು. ಹಳೆಯ ಬೀಡಿನ ತಕರಾರು, ದಾವೆಯ ಕಾಗದಗಳನ್ನೂ ವಕೀಲರಿಗೆ ತೋರಿಸದೆ ಬಿಡಬೇಡಿ.

ಕೆಲವು ವರ್ಷ ಇಡಬೇಕಾದ್ದು: ಆದಾಯ ತೆರಿಗೆಯ ಕಾಗದ, ಬ್ಯಾಂಕಿನ ವಿವರ, ಆಸ್ಪತ್ರೆಯ ಮತ್ತು ವಿಮೆಯ ದಾಖಲೆ. ತೆರಿಗೆಯದ್ದನ್ನು 8 ವರ್ಷ ಇಡುವುದು ಕ್ಷೇಮ. ಚಿನ್ನ, ಮನೆ ಕಟ್ಟಿದ ಖರ್ಚಿನ ಬಿಲ್ಲು, ಮನೆ ತೆರಿಗೆಯ ರಶೀದಿ ಆ ಆಸ್ತಿ ನಿಮ್ಮ ಕೈಯಲ್ಲಿರುವಷ್ಟು ಕಾಲ ಇರಲಿ.

ಬಿಡಬಹುದಾದ್ದು: ವರ್ಷ ದಾಟಿದ ಕರೆಂಟು ಬಿಲ್ಲು, ವಾರಂಟಿ ಮುಗಿದ ಕಾರ್ಡು, ಮದುವೆ ಕಾಗದ, ಮಾರಿದ ಯಂತ್ರದ ಕೈಪಿಡಿ. ಖಾತೆ ಸಂಖ್ಯೆ, ಆಧಾರ್ ಪ್ರತಿ ಇರುವ ಹಾಳೆಗಳನ್ನು ಚಿಕ್ಕದಾಗಿ ಹರಿದು ನೀರಲ್ಲಿ ನೆನೆಸಿ ಹಾಕಿ.

ಇಡುವಂಥದ್ದನ್ನು ಗಾಳಿಯಾಡದ ಡಬ್ಬದಲ್ಲಿ, ಸುಮಾರು 50 ಗ್ರಾಂ ಸಿಲಿಕಾ ಜೆಲ್ ಚೀಟಿಯೊಂದಿಗೆ ಇಡಿ. ಬಣ್ಣ ಬದಲಾದರೆ ಹೊಸದು ಹಾಕಿ; ಅಡುಗೆಯ ಬಾಣಲೆಯಲ್ಲಿ ಬಿಸಿ ಮಾಡಬೇಡಿ. ಪಿನ್ನು, ಕ್ಲಿಪ್ಪು ತೆಗೆಯಿರಿ, ಒಂದು ಮಳೆಗಾಲಕ್ಕೇ ತುಕ್ಕು ಕಾಗದಕ್ಕೆ ಇಳಿಯುತ್ತದೆ. ಮೂಲಪತ್ರ ಲ್ಯಾಮಿನೇಟ್ ಮಾಡಿಸಬೇಡಿ: ಮೊಹರು, ಸಹಿ ಪರಿಶೀಲಿಸಲು ತೊಂದರೆ, ಮತ್ತೆ ಬಿಡಿಸಲೂ ಬರುವುದಿಲ್ಲ. ಎಲ್ಲವನ್ನೂ ಸ್ಕ್ಯಾನ್ ಮಾಡಿ ಮನೆಯ ಇಬ್ಬರ ಹತ್ತಿರ ಇರಲಿ.

ಹಂತ 9: ಅಂಗಳ, ಕೊಟ್ಟಿಗೆ

ಹಳೆಯ ಟಯರು, ಗೆರಟೆ, ಅಡಿಕೆ ಹಾಳೆ, ಒಡೆದ ಬಕೆಟು, ಉಳಿದ ಟೈಲ್ಸು, ಹಂಚಿನ ರಾಶಿ ಮಳೆ ಶುರುವಾಗುವ ಮೊದಲೇ ಹೋಗಬೇಕು. ಡೆಂಗೀ ಹರಡುವ ಸೊಳ್ಳೆ ಮೊಟ್ಟೆಯಿಂದ ಸೊಳ್ಳೆಯಾಗಲು ನಿಂತ ನೀರಿನಲ್ಲಿ 7ರಿಂದ 10 ದಿನ ಸಾಕು. ಅಂಗೈಯಗಲದ ಗೆರಟೆಯೂ ಅದಕ್ಕೆ ಧಾರಾಳ.

ರಾಶಿಗೆ ನೇರ ಕೈ ಹಾಕಬೇಡಿ. ಬೂಟು, ಕೈಗವಸು ಹಾಕಿ, ಉದ್ದ ಕೋಲಿನಿಂದ ಮೇಲಿನದ್ದನ್ನು ನಿಮ್ಮ ಕಡೆಗೆ ಉರುಳಿಸಿ, ಸ್ವಲ್ಪ ಕಾಯಿರಿ. ಹಾವು, ಚೇಳಿಗೆ ಹಿಂದುಗಡೆಯಿಂದ ಓಡಲು ದಾರಿ ಬಿಟ್ಟಿರಬೇಕು. ಸಂಜೆ ಕತ್ತಲಾದ ಮೇಲೆ ಈ ಕೆಲಸ ಬೇಡ. ಇಲಿಯ ಹಿಕ್ಕೆ ಕಂಡಲ್ಲಿ ಒಣಗಿದ್ದನ್ನು ಹಿಡಿಸೂಡಿಯಿಂದ ಗುಡಿಸಬೇಡಿ. ಒಂದು ಪಾಲು ದ್ರವ ಬ್ಲೀಚಿಗೆ ಹತ್ತು ಪಾಲು ನೀರು ಬೆರೆಸಿ ಚಿಮುಕಿಸಿ, 5 ನಿಮಿಷ ಬಿಟ್ಟು ಹಳೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಇಲಿಜ್ವರ ನಮ್ಮ ಜಿಲ್ಲೆಗಳಿಗೆ ಹೊಸದಲ್ಲ. ಕಾಲಿನಲ್ಲಿ ಗಾಯವಿದ್ದವರು ಈ ಕೆಲಸಕ್ಕೆ ಇಳಿಯಬಾರದು. ಬ್ಲೀಚಿಗೆ ಟಾಯ್ಲೆಟ್ ಆ್ಯಸಿಡ್ ಸೇರಿಸಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಿನಲ್ಲಿ ಜೀವಕ್ಕೇ ಅಪಾಯ.

ಹಂತ 10: ಅಟ್ಟ, ದೇವರ ಕೋಣೆ, ನೆನಪಿನ ಪೆಟ್ಟಿಗೆ

ಏಳು ವಾರ ಸಣ್ಣ ತೀರ್ಮಾನಗಳಲ್ಲಿ ಪಳಗಿದ ಮೇಲೆ ಈಗ ಏಣಿ ಇಡಿ. ಕೆಳಗೆ ಒಬ್ಬರು ಹಿಡಿದಿರಲಿ. ಹಳೆಯ ಮನೆಯಾದರೆ ಅಟ್ಟದ ಹಲಗೆಯನ್ನು ಮೊದಲು ಸುತ್ತಿಗೆಯ ಹಿಡಿಯಿಂದ ಬಡಿದು ನೋಡಿ; ಟೊಳ್ಳು ಸದ್ದು ಬಂದರೆ ಗೆದ್ದಲು ತಿಂದಿದೆ, ಕಾಲಿಡಬೇಡಿ. ಒಮ್ಮೆಗೆ ಎರಡೇ ಪೆಟ್ಟಿಗೆ ಇಳಿಸಿ. ಅವು ಮುಗಿಯದೆ ಮೂರನೆಯದು ಬೇಡ.

ಓಲೆಗರಿ, ಹಳೆಯ ಯಕ್ಷಗಾನ ಪ್ರಸಂಗದ ಕೈಬರಹ, ಲೆಕ್ಕದ ಪುಸ್ತಕ ಸಿಕ್ಕಿದರೆ ಎಣ್ಣೆ ಹಚ್ಚಬೇಡಿ, ಬಿಸಿಲಿಗೆ ಹಾಕಬೇಡಿ, ದಾರ ಬಿಚ್ಚಬೇಡಿ. ಒಣ ಬಟ್ಟೆಯಲ್ಲಿ ಸುತ್ತಿಟ್ಟು ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ ಅಥವಾ ಮಂಗಳೂರು ವಿಶ್ವವಿದ್ಯಾನಿಲಯದ ಯಕ್ಷಗಾನ ಅಧ್ಯಯನ ಕೇಂದ್ರದಂಥ ಕಡೆ ವಿಚಾರಿಸಿ.

ದೈವದ ಮುಖವಾಡ, ಕಡ್ಸಲೆ (ಖಡ್ಗ), ಗಗ್ಗರ (ಕಾಲಿನ ಕಡಗ), ಗಂಟೆ ನಿಮ್ಮೊಬ್ಬರ ಸೊತ್ತಲ್ಲ. ಕುಟುಂಬದ ಹಿರಿಯರು, ತರವಾಡು (ಕುಟುಂಬದ ಮೂಲ) ಮನೆಯವರು ಹೇಳಿದ ಹಾಗೆ ಆಗಲಿ. ಒಡೆದ ದೇವರ ಪಟವನ್ನು ಅಶ್ವತ್ಥಕಟ್ಟೆಯಲ್ಲಿ ಇಟ್ಟು ಬರುವುದು ಮಾತ್ರ ಬೇಡ. ಗಾಜು ಒಡೆದು ಪ್ರದಕ್ಷಿಣೆ ಬರುವವರ ಬರಿಗಾಲಿಗೆ ಹೊಕ್ಕುತ್ತದೆ. ಚೌಕಟ್ಟು, ಗಾಜು, ಮೊಳೆ ಬೇರ್ಪಡಿಸಿ, ಚಿತ್ರದ ಕಾಗದವನ್ನು ಮಾತ್ರ ಪುರೋಹಿತರನ್ನು ಕೇಳಿ ವಿಸರ್ಜಿಸಿ. ಕ್ರೈಸ್ತರ ಮನೆಯ ಗರಿಗಳ ಭಾನುವಾರದ ಒಣಗಿದ ಗರಿಯನ್ನು ಚರ್ಚಿಗೆ ಹಿಂತಿರುಗಿಸಿದರೆ ವಿಭೂತಿ ಬುಧವಾರದ ಬೂದಿಗೆ ಆಗುತ್ತದೆ. ಕುರ್‌ಆನಿನ ಸಡಿಲವಾದ ಹಾಳೆಗಳಿದ್ದರೆ ಮಸೀದಿಯಲ್ಲಿ ಕೇಳಿದರೆ ಗೌರವದ ಕ್ರಮ ತಿಳಿಸುತ್ತಾರೆ.

ತೀರಿಹೋದವರ ಸಾಮಾನಿಗೆ ಬೇರೆಯದೇ ವೇಗ ಬೇಕು. ಮೊದಲ ತಿಂಗಳುಗಳಲ್ಲಿ ಔಷಧಿ ಮತ್ತು ದಾಖಲೆ ಮಾತ್ರ ನೋಡಿ. ವರ್ಷಾಂತಿಕ ಕಳೆದ ಮೇಲೆ, ಮನೆಯವರೆಲ್ಲ ಕೂತು ಪ್ರತಿಯೊಬ್ಬರೂ ಒಂದೊಂದು ವಸ್ತು ಆರಿಸಿಕೊಳ್ಳಲಿ. ಅಪ್ಪನ ಕನ್ನಡಕವೋ ಅಜ್ಜಿಯ ಎಲೆಯಡಿಕೆ ತಟ್ಟೆಯೋ ಒಂದು ಕಣ್ಣೆದುರು ಇದ್ದರೆ, ಪೆಟ್ಟಿಗೆಯಲ್ಲಿ ಬೂಷ್ಟು ಹಿಡಿಯುವ ನಲವತ್ತಕ್ಕಿಂತ ಅವರು ಹೆಚ್ಚು ನೆನಪಾಗುತ್ತಾರೆ.

ನಿಲ್ಲಿಸಬೇಕಾದ ಸೂಚನೆಗಳು

ಕೊಟ್ಟದ್ದನ್ನು ನೆನೆದು ನಿದ್ದೆ ಕೆಡುತ್ತಿದ್ದರೆ ವೇಗ ಹೆಚ್ಚಾಯಿತು. ಎರಡು ವಾರ ಬಿಟ್ಟು ಮತ್ತೆ ಹಿಡಿಯಿರಿ. 'ಕೊಡುವುದು' ಗೋಣಿ ಕಾರಿನ ಡಿಕ್ಕಿಯಲ್ಲಿ ಒಂದು ವಾರ ಉಳಿದಿದ್ದರೆ ಹಂತ 3 ಸರಿಯಾಗಿಲ್ಲ. ಖಾಲಿಯಾದ ಜಾಗಕ್ಕೆ ಹೊಸ ಸಾಮಾನು ಕೊಳ್ಳುವ ಆಸೆ ಹುಟ್ಟಿದರೆ ಒಂದು ತಿಂಗಳು ಆ ಜಾಗವನ್ನು ಹಾಗೆಯೇ ಬಿಡಿ.

ಇವು ಸಣ್ಣವು. ದೊಡ್ಡ ಸೂಚನೆ ಬೇರೆ: ಮಲಗುವ ಮಂಚದಲ್ಲಿ ಮಲಗಲು ಜಾಗವಿಲ್ಲ, ಒಲೆ ಹಚ್ಚಲು ಜಾಗವಿಲ್ಲ, ಹೊರಬಾಗಿಲಿಗೆ ದಾರಿಯಿಲ್ಲ, ಪೇಪರಿನ ತುಂಡು ತೆಗೆದರೂ ವಿಪರೀತ ಸಂಕಟ. ಇದು ಸೋಮಾರಿತನ ಅಲ್ಲ. ಕೂಡಿಡುವ ಕಾಯಿಲೆಯನ್ನು 2013ರಿಂದ ಅಮೆರಿಕದ ಮನೋವೈದ್ಯರ ಕೈಪಿಡಿಯೇ ಬೇರೆ ಕಾಯಿಲೆಯಾಗಿ ಗುರುತಿಸಿದೆ. ಇಳಿವಯಸ್ಸಿನವರು ಇದ್ದಕ್ಕಿದ್ದಂತೆ ಕಸ ಕೂಡಿಡಲು ತೊಡಗಿದರೆ ಮರೆವಿನ ಕಾಯಿಲೆಯ ಆರಂಭವೂ ಇರಬಹುದು. ಅಂಥವರ ಮನೆಯನ್ನು ಬಲವಂತವಾಗಿ ಖಾಲಿ ಮಾಡಿಸಿದರೆ ಸ್ಥಿತಿ ಕೆಡುತ್ತದೆ. ಮೊದಲು ಮನೋವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮುಗಿದ ಮೇಲೆ

ಈಗ ಬೇಕಿದ್ದರೆ ಡಬ್ಬ, ರ‍್ಯಾಕು ಕೊಳ್ಳಿ, ಅಳತೆ ತೆಗೆದುಕೊಂಡು. ರ‍್ಯಾಕನ್ನು ಗೋಡೆಯಿಂದ ಎರಡು ಇಂಚು ಬಿಟ್ಟು ನಿಲ್ಲಿಸಿ, ಕಪಾಟು ಮುಕ್ಕಾಲು ಮಾತ್ರ ತುಂಬಿ. ಗಾಳಿಯಾಡದಿದ್ದರೆ ಗೋಡೆಯ ತೇವ ಸಾಮಾನಿಗೆ ಏರುತ್ತದೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಬಿಸಿಲು ಬಿದ್ದ ದಿನ ಕಪಾಟಿನ ಬಾಗಿಲು ಎರಡು ಗಂಟೆ ತೆರೆದಿಡಿ, ಚರ್ಮದ ಚೀಲ, ಬೆಲ್ಟು ಒರೆಸಿಡಿ. ಹೊಸ ಒಂದು ಬಂದರೆ ಅದೇ ಬಗೆಯ ಹಳೆಯದು ಒಂದು ಅದೇ ವಾರ ಹೊರಡಲಿ. ರಾತ್ರಿ ಮಲಗುವ ಮುನ್ನ 10 ನಿಮಿಷ ಊಟದ ಮೇಜು ಮತ್ತು ಟೀಪಾಯಿ ಮಾತ್ರ ಖಾಲಿ ಮಾಡಿ, ಬೇರೇನೂ ಬೇಡ.

ಕಾಯುವ ಪೆಟ್ಟಿಗೆಯ ಮೇಲೆ ತಾರೀಕು ಬರೆದು ಅಂಟು ಹಚ್ಚಿಡಿ. ಮಳೆಗಾಲದಲ್ಲಿ ಅದರೊಳಗಿನದು ಬೇಕಾಗಿ ತೆರೆದಿದ್ದರೆ ತೆಗೆದದ್ದು ನಿಮ್ಮದು. ನವರಾತ್ರಿಗೆ ಉಳಿದದ್ದನ್ನು ಒಮ್ಮೆ ನೋಡಿ, ಅದರಲ್ಲಿ ಕಾಗದಪತ್ರ ಇಲ್ಲವೆಂದು ಖಚಿತಪಡಿಸಿಕೊಂಡು, ಅದೇ ವಾರ ಕೊಟ್ಟುಬಿಡಿ.